ಗೇಟು ಬಿದ್ದಿತ್ತು

ಇವತ್ತು ಮೂವತ್ತೊಂದನೇ ಪ್ರಯೋಗ.
ದಾವಣಗೆರೆ, ಹೈಸ್ಕೂಲು ಮೈದಾನ, ತಗಡಿನ ಥಿಯೇಟರು.
ಎಡಗಡೆ ವಿಂಗಿನ ಹಿಂದೆ ಬಕೆಟ್ಟು ಬೋರಲು ಹಾಕಿ ಕೂತಿದ್ದೇನೆ,
ಮೊಣಕಾಲ ಮೇಲೆ ನಾಟಕದ ಪ್ರತಿ,
ಟಾರ್ಚಿಗೆ ಕೆಂಪು ಕಾಗದ ಸುತ್ತಿ.

ಒಂದು ಕಾಲದಲ್ಲಿ ನಾನೇ ಆಡಿದ ಮಾತನ್ನು
ನಾನೇ ಪಿಸುಗುಟ್ಟಿ ಕೊಡಬೇಕು ಸುಲೋಚನಾಗೆ.
ಅವಳು ಅದಕ್ಕೆ ಜರಿಯಂಚು ಹಚ್ಚಿ
ಕಡೇ ಬೆಂಚಿನ ತನಕ ಎಸೆಯುತ್ತಾಳೆ.
ಜನ ಅಳುತ್ತಾರೆ.
ನಾನು ಪುಟ ತಿರುವುತ್ತೇನೆ.

ನಾಟಕದಲ್ಲಿ ನಮ್ಮ ಕೋಣೆಗೆ ಕಿಟಕಿ ಇದೆ,
ಹಗ್ಗ ಎಳೆದರೆ ಏರುವ ಚಂದ್ರನಿದ್ದಾನೆ.
ನಿಜದ ಕೋಣೆ ಇದ್ದದ್ದು ಮಂಡಕ್ಕಿ ಭಟ್ಟಿಯ ಮೇಲೆ.
ಕಿಟಕಿ ಇರಲಿಲ್ಲ. ಗೋಡೆ ಮುಟ್ಟಿದರೆ ಜ್ವರ ಬಂದವರ ಹಣೆ.
ಬೆಳಗಿನ ಜಾವ ಮೂರಕ್ಕೆ
ಕಾದ ಮರಳಿನಲ್ಲಿ ಅಕ್ಕಿ ಅರಳುವ ಸದ್ದು;
ಹಾಲೇಶ ಅದಕ್ಕೇ ಕಾಲು ಕುಟ್ಟುತ್ತ ಮಟ್ಟು ಹುಡುಕುತ್ತಿದ್ದ.
ಅವನ ಹಾರ್ಮೋನಿಯಮ್ಮಿನಲ್ಲಿ ಎರಡು ಮನೆ ಸತ್ತಿದ್ದವು,
ಹಾಗಾಗಿ ನಮ್ಮ ಯಾವ ಹಾಡಿನಲ್ಲೂ ಆ ಎರಡು ಸ್ವರ ಇಲ್ಲ.
ತಿಳಿದವರು ಅದನ್ನು ಹೊಸ ಶೈಲಿ ಅಂದರು.

ನಾನು ಬರೆಯುತ್ತಿದ್ದದ್ದು ಮಿಲ್ಲಿನ ಹಾಜರಿ ಪುಸ್ತಕದ ಬೆನ್ನಿಗೆ.
ಮಿಲ್ಲು ಮುಚ್ಚಿದ ದಿನ ಅಪ್ಪ ಮನೆಗೆ ತಂದದ್ದು ಅದೊಂದೇ.
ಮುಂದೆ ಮುನ್ನೂರು ಜನರ ಹೆಸರು, ಹಿಂದೆ ನನ್ನ ಪಲ್ಲವಿ.
ಬೆಳಕಿಗೆ ಹಿಡಿದರೆ
‘ನೀನಿರದ’ ಅನ್ನುವ ಪದದೊಳಗೆ
ನೂಲು ಖಾತೆಯ ಚೌಡಪ್ಪ, ಗೈರುಹಾಜರು.

ಹಾಡಿಗೆ ನೂರೈವತ್ತು. ಅದರಲ್ಲಿ ನೂರು ಬಾಡಿಗೆಗೆ.
ಉಳಿದದ್ದಕ್ಕೆ ನರ್ಗೀಸ್ ಮಂಡಕ್ಕಿ, ನಾಲ್ಕು ಮಿರ್ಚಿ,
ಖಾರಕ್ಕೆ ಅತ್ತದ್ದೋ ಹಾಡಿಗೆ ಅತ್ತದ್ದೋ
ಲೆಕ್ಕ ಇಟ್ಟಿಲ್ಲ.

ಆಮೇಲೆ ಕ್ಯಾಸೆಟ್ಟು ಬಂತು.
ಅದರ ಮೇಲೆ ಒಂದೇ ಹೆಸರು. ಅವನದು.
“ಜಾಗ ಸಾಲ್ಲಿಲ್ಲಂತೆ ಕಣೇ” ಅಂದ.
ಕೆಂಚಮ್ಮ ಅಂತ ಬರೆಯಲು ಎಷ್ಟು ಜಾಗ ಬೇಕು?
ಕಡ್ಡಿಪೆಟ್ಟಿಗೆಯ ಮೇಲೂ ಹಿಡಿಸುತ್ತದೆ.

ಇಲ್ಲಿಗೆ ನಾಟಕದಲ್ಲಿ ಎರಡನೇ ಅಂಕ ಮುಗಿದು ಸೋಡಾ ಮಾರುತ್ತಾರೆ.
ಮೂರನೆಯದರಲ್ಲಿ ಸುಲೋಚನಾ ಕಡೇ ಹಾಡನ್ನು ಹರಿದು
ಬಣ್ಣ ಬಳಿದ ರೈಲು ಹತ್ತುತ್ತಾಳೆ,
ನಾಯಕ ಓಡಿ ಬಂದು ಎಡವಿ ಬೀಳುತ್ತಾನೆ.
ದಿನವೂ ಅದೇ ಜಾಗದಲ್ಲಿ, ಚಾಪೆ ಹಾಸಿರುತ್ತಾರೆ.

ನಿಜಕ್ಕೂ ಆದದ್ದು:
ಅಶೋಕ ಟಾಕೀಸಿನ ಗೇಟು ಬಿದ್ದಿತ್ತು.
ನಾನು ಟ್ರಂಕು ಹಿಡಿದು ಗೇಟಿನ ಈಚೆ.
ಏದುಸಿರು ಬಿಡುತ್ತ ಅವನೂ ಈಚೆಯೇ.
ನಡುವೆ ಎರಡು ಆಟೋ, ಒಂದು ಎಮ್ಮೆ.
ಗೂಡ್ಸು ಗಾಡಿ ಮುಗಿಯಲೇ ಇಲ್ಲ, ಐವತ್ತೆಂಟು ಡಬ್ಬಿ.
“ಏಳು ಮಾತ್ರೆ ಐತಿ ನೋಡು” ಅಂದ ಚಕ್ರದ ಸದ್ದಿಗೆ.
“ಆರು” ಅಂದೆ.
ಗೇಟು ಎದ್ದಾಗ ನನ್ನ ರೈಲು ಹೋಗಿತ್ತು.
ಅವನು ಕ್ಷಮೆ ಕೇಳಲಿಲ್ಲ, ನಾನು ಕೊಡಲಿಲ್ಲ,
ಟ್ರಂಕು ಮಾತ್ರ ಅವನೇ ಹೊತ್ತ.
“ಇದನ್ನ ಆಡಿದ್ರೆ ಯಾವನು ಟಿಕೆಟ್ ತಗಂತಾನೆ?”
ಕಂಪನಿ ಮಾಲೀಕ ರುದ್ರಮುನಿಯಪ್ಪ ಕೇಳಿದ್ದ.
ಅದಕ್ಕೇ ಆ ರೈಲು, ಆ ಚಾಪೆ.

ಇವತ್ತು ಸುಲೋಚನಾಳ ಗಂಟಲು ಕಟ್ಟಿದೆ.
ಅವಳು ಬರೀ ತುಟಿ ಆಡಿಸುತ್ತಾಳೆ,
ಬಕೆಟ್ಟಿನ ಮೇಲಿಂದ ನಾನು ಹಾಡುತ್ತೇನೆ.
ಕಡೇ ಹಾಡಿನ ಚರಣದಲ್ಲಿ ಒಂದು ಸಾಲು ಯಾವತ್ತೂ ಹುಟ್ಟಲೇ ಇಲ್ಲ;
ಮೂವತ್ತು ರಾತ್ರಿ ಅಲ್ಲಿ ಬರೀ ಹ್ಞೂಂಕಾರ.
ಅವಳು ಬಾಯಿ ಮುಚ್ಚಿಕೊಂಡಳು.
ನಾನು ಮುಚ್ಚಲಿಲ್ಲ:
ಗೇಟು ಬಿದ್ದಿತ್ತು, ನಾನೆಲ್ಲೂ ಹೋಗಿರಲಿಲ್ಲ.

ಮುಚ್ಚಿದ ಬಾಯಿಂದ ಬಂದ ಮಾತಿಗೆ
ಮುಂದಿನ ಸಾಲಿನ ಹುಡುಗನೊಬ್ಬ ಕಿಸಕ್ಕನೆ ನಕ್ಕ.
ಕೆಳಗೆ ಹಾಲೇಶನ ತಿದಿ ಅರ್ಧ ಉಸಿರಿಗೆ ನಿಂತು
ಬೆರಳು ತಪ್ಪಿ
ನಾವು ಯಾವತ್ತೂ ಬಳಸದ ಒಂದು ಮನೆ ಮುಟ್ಟಿತು.

ತೆರೆ ಬಿತ್ತು. ಹೊರಗೆ ಒನ್ಸ್ ಮೋರ್, ಶಿಳ್ಳೆ.
ಬೆವರು ಒರೆಸಿಕೊಳ್ಳುತ್ತ ವಿಂಗಿಗೆ ಬಂದ.
“ಸಾಲು ಉದ್ದ ಆತು. ಏಳಕ್ಕೆ ಕುಂದ್ರಂಗಿಲ್ಲ.”
“ಆರಕ್ಕೆ ಕುಂದ್ರತೈತಿ,” ಅಂದೆ,
“ಒಂದು ಪೆನ್ಸಿಲ್ ಇದ್ರೆ ಕೊಡು.”